ಮೇಲಿನ ಸಾಲಿನ ಇಪ್ಪತ್ತೆರಡು

ಆಸ್ಪತ್ರೆಯಿಂದ ಬಂದ ಕಾಗದವನ್ನು ಲುವೆನಿಯಾ ಪೆಟಿಫರ್ಡ್ ಪೂರ್ತಿ ಓದಲೇ ಇಲ್ಲ. ‘ನಿಮಗೆ ಅನುಕೂಲವಾಗಬಹುದಾದ ಒಂದು ಬದಲಾವಣೆ’ ಎಂಬಲ್ಲಿಗೆ ಬಂದದ್ದೇ ತಡ, ಪರ್ರನೆ ಹರಿದು ಎರಡು ಹೋಳು ಮಾಡಿ, ಬೆಳಗಿನ ಮೊಟ್ಟೆ ಸಿಪ್ಪೆಗಳ ಮೇಲೆ ಕಸದ ಡಬ್ಬಕ್ಕೆ ತುರುಕಿದಳು.

ಅದಕ್ಕಾಗಿ ಅವಳನ್ನು ಬೈಯಬೇಡಿ. ಕಚೇರಿ ಲಕೋಟೆಯಲ್ಲಿ ಆ ಮನೆಗೆ ಬಂದ ಒಳ್ಳೆಯ ಸುದ್ದಿ ಇದುವರೆಗೆ ಒಂದೂ ಒಳ್ಳೆಯದಾಗಿರಲಿಲ್ಲ. ಅವಳು ಎಂಟು ವರ್ಷದವಳಿದ್ದಾಗ ಅಪ್ಪನಿಗೂ ಇಂಥದೇ ಒಂದು ಕಾಗದ ಬಂದಿತ್ತು. ನಿಮ್ಮ ಬೀದಿಗೆ ಹೆದ್ದಾರಿ ಬರುತ್ತದೆ, ಎಲ್ಲರಿಗೂ ಅನುಕೂಲ ಎಂದಿತ್ತು. ಹೆದ್ದಾರಿ ಬಂತು, ಬೀದಿ ಹೋಯಿತು. ಅಮ್ಮ ಶನಿವಾರ ಶನಿವಾರ ಮೊಣಕಾಲೂರಿ ತಿಕ್ಕಿ ತೊಳೆಯುತ್ತಿದ್ದ ಬಿಳಿಕಲ್ಲಿನ ಮೆಟ್ಟಿಲುಗಳ ಸಮೇತ ಮನೆ ಮಣ್ಣುಪಾಲಾಯಿತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಲುವೆನಿಯಾ ಊದುವ ತಾಳ್ಮೆಯವಳಲ್ಲ, ಮಜ್ಜಿಗೆಯನ್ನೇ ಚೆಲ್ಲುವವಳು. ಬಾಲ್ಟಿಮೋರಿನ ಶಾಲಾ ಬಸ್ಸನ್ನು ಇಪ್ಪತ್ತಾರು ವರ್ಷ ಓಡಿಸಿ ನಿವೃತ್ತಳಾದ ಹೆಂಗಸು ಅವಳು, ವಯಸ್ಸು ಅರವತ್ತೊಂದು.

“ಏನೇ ಅದು ಹರಿದದ್ದು?” ಎಂದು ಅಕ್ಕ ಅರ್ನೆಸ್ಟೀನ್ ಒಳಗಿನ ಕೋಣೆಯಿಂದಲೇ ಕೇಳಿದಳು.

“ಕಸ.”

“ಆಸ್ಪತ್ರೆ ಮುದ್ರೆ ಇರೋ ಕಸಾನಾ? ಬಾಗ್ಲಿಂದ ತಂದುಕೊಟ್ಟೋಳು ನಾನೇ ಕಣೇ.”

ಅರ್ನೆಸ್ಟೀನ್ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸಿದವಳು. ಹರಿದ ಕಾಗದ ಕಂಡರೆ ಅವಳಿಗೆ ಸುಮ್ಮನಿರಲಾಗದು. ಡಬ್ಬಕ್ಕೆ ಕೈ ಹಾಕಿ, ಎರಡು ಹೋಳನ್ನೂ ತೆಗೆದು, ಮೊಟ್ಟೆಯ ಲೋಳೆ ಒರೆಸಿ, ಮೇಜಿನ ಮೇಲೆ ಜೋಡಿಸಿ, ಕನ್ನಡಕ ಏರಿಸಿ ಓದತೊಡಗಿದಳು. ಓದುತ್ತ ಓದುತ್ತ ಅವಳ ದನಿ ನಿಧಾನವಾಯಿತು.

ಕಾಗದದಲ್ಲಿದ್ದದ್ದು ಇಷ್ಟು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆಯೆಂದು ರಕ್ತ ನೋಡಿ ಲೆಕ್ಕ ಹಾಕುವ ಒಂದು ಸೂತ್ರವಿದೆ. ಆ ಅಂಕಿ ಇಪ್ಪತ್ತಕ್ಕೆ ಇಳಿದರೆ, ಬೇರೆ ಕಿಡ್ನಿಗಾಗಿ ಕಾಯುವವರ ಪಟ್ಟಿಗೆ ಹೆಸರು ಹೋಗುತ್ತದೆ, ಅಲ್ಲಿ ಹೆಚ್ಚು ಕಾಲ ಕಾದವರಿಗೆ ಮೊದಲು ಸಿಗುತ್ತದೆ. ಇಷ್ಟು ವರ್ಷವೂ ರೋಗಿ ಕಪ್ಪು ಜನದವರಾಗಿದ್ದರೆ, ಬಂದ ಅಂಕಿಗೆ ಇನ್ನೊಂದಿಷ್ಟು ಸೇರಿಸುತ್ತಿದ್ದರು, ಹಾಗಾಗಿ ಅವರ ಹೆಸರು ಪಟ್ಟಿಗೆ ತಡವಾಗಿ ಹೋಗುತ್ತಿತ್ತು. ಕಪ್ಪು ಜನರ ಮೈಕಟ್ಟೇ ಬೇರೆ ಎಂದು ಯಾರೋ ಯಾವತ್ತೋ ತೀರ್ಮಾನ ಮಾಡಿದ್ದರಂತೆ. ಅದು ತಪ್ಪೆಂದು ಈಗ ಒಪ್ಪಿಕೊಂಡಿದ್ದೇವೆ. ಸೇರಿಸಿದ್ದನ್ನು ಕಳೆದರೆ ನಿಮ್ಮ ಅಂಕಿ ಯಾವತ್ತು ಇಪ್ಪತ್ತಕ್ಕೆ ಇಳಿದಿತ್ತೋ, ಅವತ್ತಿನಿಂದಲೇ ನೀವು ಕಾಯುತ್ತಿದ್ದಿರೆಂದು ತಿದ್ದುತ್ತೇವೆ. ಅದಕ್ಕೆ ಹಳೆಯ ರಕ್ತಪರೀಕ್ಷೆಯ ದಾಖಲೆ ಬೇಕು. ಡಿಸೆಂಬರ್ ಮುಗಿಯುವುದರೊಳಗೆ ಬೇಕು.

ಲುವೆನಿಯಾ ಕುರ್ಚಿ ಎಳೆದು ಕೂತಳು.

“ಎರಡು ಸಾಲು ಇರ್ತಿತ್ತು ಅಕ್ಕ, ಆ ರಕ್ತಪರೀಕ್ಷೆ ಕಾಗದದಲ್ಲಿ. ಮೇಲಿನ ಸಾಲು ಕಪ್ಪು ಜನಕ್ಕೆ, ಕೆಳಗಿಂದು ಉಳಿದೋರಿಗೆ. ಒಂದೇ ರಕ್ತ, ಎರಡು ಅಂಕಿ. ನಮ್ದು ಯಾವಾಗ್ಲೂ ಜಾಸ್ತಿ ಇರೋದು.”

“ಅದಕ್ಕೆ ನೀನೇನು ಅಂದ್ಕೊಂಡೆ?”

“ನಮ್ಮೋರ ಕಿಡ್ನಿ ಗಟ್ಟಿ ಅಂದ್ಕೊಂಡೆ. ಇನ್ನೇನು ಅಂದ್ಕೊಳ್ಳಲಿ? ಡಾಕ್ಟ್ರು ಪ್ರತಿ ಸಲ ಅನ್ನೋರು, ಇನ್ನೂ ಟೈಮಿದೆ ಇನ್ನೂ ಟೈಮಿದೆ ಅಂತ. ನಾನು ಮೇಲಿನ ಸಾಲು ನೋಡ್ಕೊಂಡು ಮನೆಗೆ ಬರ್ತಿದ್ದೆ.”

ಆಮೇಲೆ ಲುವೆನಿಯಾ ಎದ್ದು, ಸಿಂಕಿನಲ್ಲಿದ್ದ ಬಾಣಲೆಯನ್ನು ತೂತು ಬೀಳುವಂತೆ ತಿಕ್ಕತೊಡಗಿದಳು. ಅವಳಿಗೆ ಸಿಟ್ಟು ಬಂದಾಗ ಆ ಮನೆಯ ಪಾತ್ರೆಗಳು ಫಳಫಳ ಹೊಳೆಯುತ್ತವೆ.

ಸಿಟ್ಟಿಗಿಂತ ಅವಸರ ದೊಡ್ಡದಿತ್ತು. ಎರಡೂವರೆ ವರ್ಷದಿಂದ ಅವಳು ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಡಯಾಲಿಸಿಸ್ ಕುರ್ಚಿಯಲ್ಲಿ ಕೂರುತ್ತಿದ್ದಳು. ಮೈಯ ರಕ್ತವೆಲ್ಲ ಯಂತ್ರಕ್ಕೆ ಹೋಗಿ ತೊಳೆದು ವಾಪಸು ಬರಬೇಕು. ಅದಕ್ಕೆ ದಪ್ಪ ಸೂಜಿ ಚುಚ್ಚಲು ಕೈಯಲ್ಲಿ ಒಂದು ನಾಳ ಮಾಡಿರುತ್ತಾರೆ. ಎಡಗೈಯದು ಎರಡು ಸಲ ಕಟ್ಟಿಕೊಂಡು ಕೆಲಸಕ್ಕೆ ಬಾರದಾಗಿತ್ತು. ಈಗ ಬಲಗೈಯದು. ಇದೂ ಹೋದರೆ ಇನ್ನು ಜಾಗ ಹುಡುಕುವುದು ಬಹಳ ಕಷ್ಟ ಎಂದು ಡಾಕ್ಟರು ಮುಖ ನೋಡದೆ ಹೇಳಿದ್ದರು. ಪಟ್ಟಿಯಲ್ಲಿ ಅವಳ ರಕ್ತದ ಗುಂಪಿನವರು ಐದಾರು ವರ್ಷ ಕಾಯಬೇಕು. ಅವಳ ಕೈಗೆ ಅಷ್ಟು ವರ್ಷವಿರಲಿಲ್ಲ. ಹಳೆಯ ತಾರೀಕು ಸಿಕ್ಕಿದರೆ ಬದುಕು, ಸಿಗದಿದ್ದರೆ ಇಲ್ಲ. ಇಷ್ಟೇ ವಿಷಯ.

ಮಾರನೆಯ ದಿನ ಆಸ್ಪತ್ರೆಗೆ ಫೋನು ಮಾಡಿದರೆ ಮಾರಿಸೆಲ್ ಎಂಬ ಹುಡುಗಿ ಎತ್ತಿಕೊಂಡಳು. ಪಟ್ಟಿಯ ರೋಗಿಗಳನ್ನು ನೋಡಿಕೊಳ್ಳುವವಳು ಅವಳೇ.

“ಮಿಸ್ ಲುವೆನಿಯಾ, ನಿಮ್ಮ ಹೆಸ್ರಲ್ಲಿ ಎರಡು ಸಾವಿರದ ಹತ್ತೊಂಬತ್ತಕ್ಕಿಂತ ಹಿಂದಿಂದು ಏನೂ ಸಿಗ್ತಿಲ್ಲ. ಯಾವ ಲ್ಯಾಬು, ಯಾವ ತಾರೀಕು ಅಂತ ಗೊತ್ತಾ?”

“ಡಾಕ್ಟರ್ ಟ್ವೈಮನ್ ಹತ್ರ ಹೋಗ್ತಿದ್ದೆ ಕಣಮ್ಮ. ಅವ್ರು ತೀರ್ಕೊಂಡ್ರು. ಅವ್ರ ಕ್ಲಿನಿಕ್ಕಲ್ಲಿ ಈಗ ಮೊಬೈಲ್ ಮಾರ್ತಾರೆ.”

“ಮನೇಲಿ ಹಳೇ ಕಾಗದ ಏನಾದ್ರೂ?”

ಅದೊಂದು ಕೇಳಬಾರದಿತ್ತು. ಐದು ವರ್ಷದ ಹಿಂದೆ ಗಂಡನನ್ನು ಹೊರಗೆ ಹಾಕಿದ ದಿನ, ಲುವೆನಿಯಾ ಅವನ ಕಾಗದಪತ್ರವಿದ್ದ ಇಡೀ ಡ್ರಾಯರನ್ನು ಹಿತ್ತಲಿಗೆ ಒಯ್ದು, ಮಾಂಸ ಸುಡುವ ಒಲೆಗೆ ಸುರಿದು ಬೆಂಕಿ ಇಟ್ಟಿದ್ದಳು. ಅದೇ ಡ್ರಾಯರಿನ ಅಡಿಯಲ್ಲಿ ಅವಳ ರಕ್ತಪರೀಕ್ಷೆಯ ಕಾಗದಗಳೂ ಇದ್ದವು. ಕೋಪದ ಕೈಗೆ ಬುದ್ಧಿ ಕೊಟ್ಟರೆ ಹೀಗೇ ಆಗುವುದು. ಆ ಮನುಷ್ಯನ ಹೆಸರನ್ನು ಅವತ್ತಿನಿಂದ ಆ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

“ಇಲ್ಲ,” ಎಂದು ಫೋನಿಟ್ಟಳು.

ಡಯಾಲಿಸಿಸ್ ಕೋಣೆಯಲ್ಲಿ ಅವಳ ಪಕ್ಕದ ಕುರ್ಚಿ ಕ್ಲೀವನ್‌ನದು. ಎಪ್ಪತ್ತರ ಹತ್ತಿರದ ಮನುಷ್ಯ. ಮೊದಲು ಕುದುರೆಗಾಡಿಯಲ್ಲಿ ಕಲ್ಲಂಗಡಿ, ಟೊಮೇಟೊ ಹೇರಿಕೊಂಡು ಬೀದಿ ಬೀದಿ ಕೂಗುತ್ತ ಮಾರುತ್ತಿದ್ದವನು. ಆ ಗಂಟಲು ಇನ್ನೂ ಕಮ್ಮಿಯಾಗಿರಲಿಲ್ಲ. ಅವನಿಗೂ ಕಾಗದ ಬಂದಿತ್ತು, ಅವನ ದಾಖಲೆಗಳೆಲ್ಲ ಆಸ್ಪತ್ರೆಯಲ್ಲೇ ಇದ್ದುದರಿಂದ ಹದಿನೈದು ದಿನದಲ್ಲಿ ನಾಲ್ಕು ವರ್ಷ ವಾಪಸು ಸಿಕ್ಕಿತ್ತು.

“ನಂಗೆ ನಾಲ್ಕು ವರ್ಷ ಚಿಕ್ಕವನಾದಂಗೆ ಆಗಿದೆ,” ಎಂದ. “ನಿಂದೇನಾಯ್ತು ತಾಯಿ?”

“ಗಂಡನ ಕಾಗದದ ಜೊತೆ ಸುಟ್ಟುಬಿಟ್ಟೆ.”

“ಗಂಡನ್ನ ಸುಡೋದು ಬಿಟ್ಟು ಕಾಗದ ಸುಡ್ತಾರಾ ಯಾರಾದ್ರೂ?”

ಅವಳಿಗೆ ನಗು ಬಂತು. ಆದರೆ ಕಿಟಕಿಯ ಪಕ್ಕದ ಮೂರನೆಯ ಕುರ್ಚಿ ಕಣ್ಣಿಗೆ ಬಿದ್ದು ನಗು ನಿಂತಿತು. ಅದು ಮಿಸ್ ಅರ್ಡೀಲಿಯಾಳ ಕುರ್ಚಿ. ಅವಳ ಕಾಗದ ಆಗಸ್ಟಿನಲ್ಲಿ ಬಂದಿತ್ತು, ಅವಳು ಜೂನಿನಲ್ಲೇ ಸತ್ತಿದ್ದಳು. ಮಗ ಅದನ್ನು ತಂದು ಇಲ್ಲಿ ಎಲ್ಲರಿಗೂ ತೋರಿಸಿದ್ದ. ಏನು ಮಾಡಬೇಕೆಂದು ತಿಳಿಯದೆ ತೋರಿಸಿದ್ದ. ಆರು ವರ್ಷ ಬರುತ್ತಿತ್ತಂತೆ ಅವಳಿಗೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಆ ಹೆಂಗಸಿನ ಜೀವಕ್ಕೆ ಉತ್ತರ ಕೊಡುವವರು ಯಾರು? ನನ್ನನ್ನು ಕೇಳಿದರೆ ಯಾರೂ ಇಲ್ಲ.

ಉಪಾಯ ಹೊಳೆದದ್ದು ಅರ್ನೆಸ್ಟೀನ್‌ಗೆ, ಅದೂ ಬಟ್ಟೆ ಮಡಚುವಾಗ.

“ಲುವೆನಿಯಾ, ನೀನು ಆ ಅಂಕಿನೆಲ್ಲ ಬುಧವಾರ ಚರ್ಚಲ್ಲಿ ಸಾಕ್ಷಿ ಹೇಳ್ತಿದ್ಯಲ್ಲ. ಸಿಸ್ಟರ್ ಡ್ರಮ್‌ಗೋಲ್ ಬರ್ಕೊಳ್ತಾ ಕೂತಿರ್ತಾರಲ್ವಾ?”

ಲುವೆನಿಯಾಳ ಕಿವಿ ನೆಟ್ಟಗಾದವು.

ಗಿಲ್ಯಾದ್ ಚರ್ಚಿನ ಬುಧವಾರದ ಕೂಟದಲ್ಲಿ ಯಾರು ಬೇಕಾದರೂ ಎದ್ದು ದೇವರು ತಮಗೆ ಮಾಡಿದ ಉಪಕಾರವನ್ನು ಸಾಕ್ಷಿ ಹೇಳಬಹುದು. ಕೆಲಸ ಸಿಕ್ಕಿದ್ದು, ಮಗ ಜೈಲಿನಿಂದ ಬಂದದ್ದು, ಸಕ್ಕರೆ ಇಳಿದದ್ದು, ಎಲ್ಲವೂ ಅಲ್ಲಿ ಬರುತ್ತದೆ. ಆ ಚರ್ಚಿನ ಹೆಂಗಸರೆಲ್ಲ ಒಬ್ಬರಿಗೊಬ್ಬರು ಸಿಸ್ಟರ್. ಎಂಬತ್ತನಾಲ್ಕು ವರ್ಷದ ಸಿಸ್ಟರ್ ಒಫೀಲಿಯಾ ಡ್ರಮ್‌ಗೋಲ್ ಐವತ್ತು ವರ್ಷದಿಂದ ಮುಂದಿನ ಸಾಲಿನಲ್ಲಿ ಕೂತು, ಹೇಳಿದವರ ಹೆಸರು, ಹೇಳಿದ ಸಂಗತಿ, ಎಷ್ಟು ನಿಮಿಷ ಹೇಳಿದರು ಎಂಬುದನ್ನು ಬರೆದುಕೊಳ್ಳುತ್ತಾಳೆ. ಬರೆಯೆಂದು ಯಾರೂ ಅವಳಿಗೆ ಹೇಳಿರಲಿಲ್ಲ, ಬೇಡವೆನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ಹೋದರು. ಚರ್ಚಿನ ನೆಲಮಾಳಿಗೆಯಲ್ಲಿ ವಾರದ ಮೀನು ಕರಿಯುವ ಗಲಾಟೆ. ಎಣ್ಣೆಯ ಹೊಗೆಯ ನಡುವೆ ಬಿಳಿ ಟೋಪಿ ಹಾಕಿಕೊಂಡು ಕೂತಿದ್ದ ಸಿಸ್ಟರ್ ಡ್ರಮ್‌ಗೋಲ್, ವಿಷಯ ಕೇಳಿ, ಕಬ್ಬಿಣದ ಬೀರುವಿನ ಬೀಗ ತೆಗೆಸಿದಳು. ಒಳಗೆ ಶಾಲೆಯ ಮಕ್ಕಳ ನೋಟ್‌ಪುಸ್ತಕಗಳು ಒಂದರ ಮೇಲೊಂದು ಇದ್ದವು.

“ಇದನ್ನೆಲ್ಲ ಯಾಕಮ್ಮ ಬರೀತೀರಿ?” ಎಂದು ಅರ್ನೆಸ್ಟೀನ್ ಕೇಳಿದಳು.

“ದೇವ್ರ ಹತ್ರ ಕೇಳೋದಾದ್ರೆ ಸರಿಯಾಗಿ ಕೇಳ್ಬೇಕು. ಸುಮ್ನೆ ಎಲ್ರಿಗೂ ಒಳ್ಳೇದು ಮಾಡು ಅಂದ್ರೆ ಯಾರಿಗೆ, ಏನು ಅಂತ ಅವನು ತಾನೇ ಎಷ್ಟು ಹುಡುಕ್ತಾನೆ?” ಎನ್ನುತ್ತ ಡಾಕ್ಟರ್ ಟ್ವೈಮನ್ ಇದ್ದ ಕಾಲದ, ಎರಡು ಸಾವಿರದ ಹದಿನಾರನೆಯ ಇಸವಿಯ ಪುಸ್ತಕ ಬಿಡಿಸಿ, ಬೆರಳು ಇಳಿಸುತ್ತ ಹೋದಳು. “ಪೆಟಿಫರ್ಡ್... ಪೆಟಿಫರ್ಡ್... ಇಲ್ಲ. ಪೆಟಿಫರ್ಡ್ ಅಂತ ಯಾರೂ ಇಲ್ಲ ಇದ್ರಲ್ಲಿ.”

“ಇಲ್ಲ ಅಂದ್ರೆ? ನಾನು ವಾರ ವಾರ ಎದ್ದು ನಿಲ್ತಿದ್ದೆ.”

“ಗೇದರ್ಸ್ ಅಂತ ಒಬ್ಳು ಇದಾಳೆ. ಬಾಯಿ ತೆಗೆದ್ರೆ ಹನ್ನೊಂದು ನಿಮಿಷಕ್ಕೆ ಕಮ್ಮಿ ಇಲ್ಲ.”

ಅರ್ನೆಸ್ಟೀನ್ ಮೆಲ್ಲಗೆ ತಂಗಿಯ ಕಡೆ ತಿರುಗಿದಳು.

“ನೀನೇ ಕಣೇ ಅದು. ಗಂಡನ ಹೆಸ್ರು. ಆಸ್ಪತ್ರೆಯೋರಿಗೆ ಆ ಹೆಸ್ರು ಹೇಳಿದ್ಯಾ ಇಲ್ವಾ?”

ಹೇಳಿರಲಿಲ್ಲ. ಬಿಡುಗಡೆ ಪತ್ರ ಕೈಗೆ ಬಂದ ದಿನ ತವರಿನ ಹೆಸರಿಗೆ ಮರಳಿದವಳು, ಎರಡು ಸಾವಿರದ ಹತ್ತೊಂಬತ್ತರಿಂದ ಎಲ್ಲ ಕಾಗದದಲ್ಲೂ ಪೆಟಿಫರ್ಡ್ ಆಗಿದ್ದಳು. ಹಿಂದಿನ ಹೆಸರನ್ನು ಎಷ್ಟು ಗಟ್ಟಿಯಾಗಿ ಮರೆತಿದ್ದಳೆಂದರೆ, ಅದು ತನ್ನ ಜೀವಕ್ಕೇ ಬೇಕಾದಾಗಲೂ ನೆನಪಾಗಿರಲಿಲ್ಲ. ತಲೆ ಚಚ್ಚಿಕೊಳ್ಳಬೇಕೆನಿಸಿತು ಅವಳಿಗೆ.

“ಆ ಮನುಷ್ಯ ಇದ್ದಾಗ್ಲೂ ಕಾಟ, ಹೋದ್ಮೇಲೂ ಕಾಟ,” ಎಂದಳು.

“ಅವ್ನನ್ನ ಆಮೇಲೆ ಬೈಯಿ, ಇದನ್ನ ಕೇಳು,” ಎಂದು ಸಿಸ್ಟರ್ ಡ್ರಮ್‌ಗೋಲ್ ಮಾರ್ಚ್ ಹದಿನಾರನೆಯ ತಾರೀಕಿನ ಪುಟವನ್ನು ಓದಿದಳು.

‘ಸಿಸ್ಟರ್ ಲುವೆನಿಯಾ ಗೇದರ್ಸ್. ಹನ್ನೆರಡು ನಿಮಿಷ. ಸೋಮವಾರ ಡಾಕ್ಟರ್ ಟ್ವೈಮನ್ ಅವರಲ್ಲಿ ರಕ್ತ ಕೊಟ್ಟರು. ಪರೀಕ್ಷೆ ಕ್ಲಿನಿಕ್ಕಿನ ಎದುರಿನ ಲ್ಯಾಬಿನಲ್ಲಿ. ಕಾಗದ ಎತ್ತಿ ತೋರಿಸಿದರು. ಮೇಲಿನ ಸಾಲು ಇಪ್ಪತ್ತೆರಡು, ಕೆಳಗಿನದು ಹತ್ತೊಂಬತ್ತು. ಕೆಳಗಿನದು ಯಾರದು ಎಂದು ಪಾಸ್ಟರ್ ಕೇಳಿದರು. ಅದು ಬಿಳಿಯರದು, ಈ ಒಂದರಲ್ಲಾದರೂ ಅವರಿಗೆ ಕಮ್ಮಿ, ನಮಗೆ ಜಾಸ್ತಿ ಎಂದರು. ಎಲ್ಲರೂ ನಕ್ಕರು. ಚಪ್ಪಾಳೆ. ದೇವರಿಗೆ ಸ್ತೋತ್ರ.’

ಲುವೆನಿಯಾ ಅಲ್ಲೇ ಇದ್ದ ಮಡಚುವ ಕುರ್ಚಿಯ ಮೇಲೆ ಕೂತಳು. ಆ ಸಂಜೆ ಅವಳಿಗೆ ಚೆನ್ನಾಗಿ ನೆನಪಿತ್ತು. ಹಳದಿ ಲಂಗ ಹಾಕಿದ್ದಳು. ಜನ ಅಷ್ಟು ನಕ್ಕಿದ್ದು ಕಂಡು ಅವಳೂ ಇನ್ನೊಂದು ಸಲ ಕಾಗದ ಬೀಸಿದ್ದಳು. ಈಗ ದುಃಖ ಒತ್ತರಿಸಿ ಬಂತು, ನಾಚಿಕೆಯೂ ಆಯಿತು, ಯಾವುದು ಯಾವುದೆಂದು ತಿಳಿಯಲಿಲ್ಲ.

“ಹತ್ತೊಂಬತ್ತನ್ನ ಕೈಯಲ್ಲಿ ಹಿಡ್ಕೊಂಡು ಇಪ್ಪತ್ತೆರಡಕ್ಕೆ ಕುಣಿದ್ನಲ್ಲ ಅಮ್ಮ ನಾನು. ಎಂಥ ಪೆದ್ದಿ ನಾನು.”

“ನೀನೊಬ್ಳೇ ಅಲ್ಲ ಮಗಳೇ. ಚಪ್ಪಾಳೆ ತಟ್ಟಿದೋರು ನಾವೆಲ್ರೂ. ನಾನಂತೂ ಬರ್ದೂ ಇಟ್ಟೆ. ಏಳು, ಮೂಗು ಒರೆಸ್ಕೊ. ಆಸ್ಪತ್ರೆಗೆ ಹೋಗಿ ಇದನ್ನ ಅವ್ರ ಮುಂದೆ ಇಡು. ಪುಸ್ತಕ ಮಾತ್ರ ವಾಪಸ್ ತಂದ್ಕೊಡು.”

ಸೋಮವಾರ ಮಾರಿಸೆಲ್ ಆ ಪುಟ ಓದುತ್ತ ಮೊದಲು ನಕ್ಕಳು. ಕೊನೆಗೆ ಬರುವಾಗ ನಗು ಇರಲಿಲ್ಲ.

“ಇದು ದಾಖಲೆ ಅಂತ ನಡೆಯಲ್ಲ ಮಿಸ್ ಲುವೆನಿಯಾ. ನಂಗೆ ಲ್ಯಾಬಿನ ಕಾಗದಾನೇ ಬೇಕು.”

“ದೇವ್ರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋದು ಇದಕ್ಕೇನೆ,” ಎಂದು ಅರ್ನೆಸ್ಟೀನ್ ಗೊಣಗಿದಳು.

“ಪೂರ್ತಿ ಕೇಳಿ ಆಂಟಿ. ದಾಖಲೆ ಅಲ್ಲ, ಆದ್ರೆ ಹುಡುಕೋಕೆ ಬೇಕಾದ್ದೆಲ್ಲ ಇದೆ. ದಿನ ಇದೆ, ಡಾಕ್ಟ್ರಿದಾರೆ, ಲ್ಯಾಬಿದೆ. ಎಲ್ಲಕ್ಕಿಂತ ಮುಖ್ಯ, ಬೇರೆ ಹೆಸ್ರಿದೆ. ಗೇದರ್ಸ್ ಅಂತ ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?”

“ಆ ಹೆಸ್ರು ಬಾಯಲ್ಲಿ ಬಂದ್ರೆ ನಂಗೆ ಬಿಪಿ ಏರತ್ತೆ,” ಎಂದಳು ಲುವೆನಿಯಾ.

ಆಮೇಲಿನದು ಕಾಯುವ ಕೆಲಸ. ಆ ಲ್ಯಾಬನ್ನು ಇನ್ನೊಬ್ಬರು ಕೊಂಡಿದ್ದರು, ಅವರನ್ನು ಮತ್ತೊಬ್ಬರು ಕೊಂಡಿದ್ದರು, ಹಳೆಯ ದಾಖಲೆಗಳು ಯಾವುದೋ ಉಗ್ರಾಣದಲ್ಲಿದ್ದವು. ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು. ಬಲಗೈಯ ನಾಳ ಒಂದು ಶುಕ್ರವಾರ ಸೂಜಿಯನ್ನೇ ಒಳಗೆ ಬಿಟ್ಟುಕೊಳ್ಳಲಿಲ್ಲ. ನರ್ಸು ನಾಲ್ಕು ಸಲ ಚುಚ್ಚಿದಳು. ಲುವೆನಿಯಾ ಹಲ್ಲು ಕಚ್ಚಿ ಛಾವಣಿ ನೋಡುತ್ತಿದ್ದಳು. ಅವತ್ತು ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಮನೆಗೆ ಬಂದು ಅಕ್ಕನಿಗೆ, ತನ್ನನ್ನು ಯಾವ ಬಟ್ಟೆಯಲ್ಲಿ ಮಣ್ಣು ಮಾಡಬೇಕೆಂದು ಹೇಳಿದಳು. ಅಕ್ಕ ಆ ಬಣ್ಣ ನಿನಗೆ ಒಪ್ಪುವುದಿಲ್ಲ ಎಂದು ಜಗಳಕ್ಕೆ ಬಿದ್ದಳು. ಇಬ್ಬರೂ ಅವತ್ತು ಊಟ ಮಾಡಲಿಲ್ಲ.

ಡಿಸೆಂಬರ್ ಹದಿನೆಂಟು, ಸೋಮವಾರ. ಯಂತ್ರ ಅರ್ಧ ಓಡಿತ್ತು. ಫೋನು ಬಡಿಯಿತು. ಬಲಗೈ ಅಲ್ಲಾಡಿಸುವಂತಿರಲಿಲ್ಲ. ಎಡಗೈಯಿಂದ ತಡವರಿಸಿ ಒತ್ತುವಾಗ ಮಾರಿಸೆಲ್‌ಳ ದನಿ ಕೋಣೆಗೆಲ್ಲ ಕೇಳುವಂತೆ ಬಂತು.

“ಸಿಕ್ತು ಮಿಸ್ ಲುವೆನಿಯಾ. ಗೇದರ್ಸ್ ಹೆಸ್ರಲ್ಲೇ ಇತ್ತು. ಮಾರ್ಚ್ ಹದಿನಾಲ್ಕು, ಎರಡು ಸಾವಿರದ ಹದಿನಾರು. ಕೆಳಗಿನ ಸಾಲು ಹತ್ತೊಂಬತ್ತು. ತಿದ್ದುಪಡಿ ಇವತ್ತು ಬೆಳಿಗ್ಗೆ ಒಪ್ಪಿಗೆ ಆಯ್ತು.”

“ಇನ್ನೊಂದ್ಸಲ ಹೇಳು.”

ಮಾರಿಸೆಲ್ ಹೇಳಿದಳು. ಲುವೆನಿಯಾ ಮೂರನೆಯ ಸಲವೂ ಹೇಳಿಸಿದಳು. ಐದು ವರ್ಷಕ್ಕೂ ಮಿಕ್ಕಿದ ಕಾಲ ಒಂದೇ ಮಾತಿನಲ್ಲಿ ಅವಳ ಮಡಿಲಿಗೆ ಬಂದು ಬಿದ್ದಿತ್ತು. ಪಟ್ಟಿಯ ಮುಂದಿನ ಸಾಲಿಗೆ ಬಂದಿದ್ದೀರಿ, ಫೋನು ಹತ್ತಿರವೇ ಇಟ್ಟುಕೊಳ್ಳಿ ಎಂದು ಹೇಳಿ ಹುಡುಗಿ ಫೋನಿಟ್ಟಳು. ಲುವೆನಿಯಾಗೆ ಅಳು ಬಂತು, ತಡೆಯಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಉಸಿರು ಪೂರ್ತಿ ಒಳಗೆ ಹೋಯಿತು. ಅಷ್ಟರಲ್ಲೇ ಇನ್ನೊಂದು ಯೋಚನೆ ಮುಳ್ಳಿನಂತೆ ಚುಚ್ಚಿತು.

“ಕ್ಲೀವನ್, ನಾನು ಮುಂದೆ ಬಂದ್ರೆ ಯಾರೋ ಹಿಂದೆ ಹೋದಂಗಲ್ವಾ? ಯಾರ ಜಾಗಕ್ಕೆ ನುಗ್ಗಿದೆ ನಾನು?”

ಕ್ಲೀವನ್ ಹೊದಿಕೆಯೊಳಗಿಂದ ತಲೆ ಹೊರಗೆ ಹಾಕಿದ.

“ಯಾರ ಜಾಗಕ್ಕೂ ಅಲ್ಲ ತಾಯಿ. ನಿನ್ನ ಜಾಗಕ್ಕೇ. ಏಳು ವರ್ಷದಿಂದ ಅದು ಖಾಲಿ ಬಿದ್ದಿತ್ತು, ನಿನ್ನನ್ನ ಬಾಗ್ಲಲ್ಲಿ ನಿಲ್ಸಿದ್ರು. ಈಗ ಹೋಗಿ ಕೂತ್ಕೊ. ನೆಮ್ಮದಿಯಾಗಿ ಕೂತ್ಕೊ.”

ಜನವರಿಯ ಮೂರನೆಯ ವಾರ, ಬೆಳಗಿನ ಹನ್ನೊಂದು ಗಂಟೆಗೆ, ಅವಳು ಸೊಪ್ಪು ತೊಳೆಯುತ್ತಿದ್ದಾಗ, ಕಿಡ್ನಿ ಸಿಕ್ಕಿದೆಯೆಂದು ಆಸ್ಪತ್ರೆಯಿಂದ ಕರೆ ಬಂತು. ಅರ್ನೆಸ್ಟೀನ್ ಕಾರನ್ನು ಹೇಗೆ ಓಡಿಸಿದಳೆಂಬುದನ್ನು ನಾನು ಹೇಳುವುದಿಲ್ಲ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವಳು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದಳು, ಅಷ್ಟು ಸಾಕು.

ಮೂರನೆಯ ದಿನ ಲುವೆನಿಯಾ ದಿಂಬಿಗೆ ಒರಗಿ ಕೂತಿದ್ದಳು. ಹೊಟ್ಟೆಯ ಹೊಲಿಗೆ ನೋಯುತ್ತಿತ್ತು, ಆದರೆ ಮಂಚದ ಬದಿಗೆ ತೂಗಿದ್ದ ಮೂತ್ರದ ಚೀಲದಿಂದ ಅವಳಿಗೆ ಕಣ್ಣು ಕೀಳಲಾಗುತ್ತಿರಲಿಲ್ಲ. ಎರಡು ವರ್ಷದಿಂದ ಒಂದು ಹನಿ ಬಾರದಿದ್ದ ಮೈ ಅದು. ಹೊಸ ಕಿಡ್ನಿ ಆಪರೇಷನ್ ಮೇಜಿನ ಮೇಲೆಯೇ ಕೆಲಸ ಶುರುಮಾಡಿತ್ತು.

“ನೋಡು ಅಕ್ಕ, ಮತ್ತೆ ತುಂಬ್ತು.”

“ನೋಡ್ದೆ ಕಣೇ. ಬೆಳಿಗ್ಗೆಯಿಂದ ಅದನ್ನೇ ತೋರಿಸ್ತಿದ್ಯ. ಮಗು ಹೆತ್ತೋಳ ಥರ ಆಡ್ತಿದ್ಯಲ್ಲ.”

“ಬಣ್ಣ ನೋಡು ಎಷ್ಟು ಚೆನ್ನಾಗಿದೆ.”

“ಥೂ,” ಎಂದಳು ಅರ್ನೆಸ್ಟೀನ್. ಆದರೂ ಬಗ್ಗಿ ನೋಡಿ, ತಂಗಿಯ ಪಾದವನ್ನು ಹೊದಿಕೆಯ ಮೇಲಿಂದಲೇ ಹಿಡಿದುಕೊಂಡಳು. ಬಿಡಲಿಲ್ಲ.

ಚೀಲ ಬದಲಿಸಲು ಬಂದ ನರ್ಸು ಚಿಕ್ಕ ಪ್ರಾಯದವಳು, ಮಾತುಗಾರ್ತಿ.

“ತುಂಬಾ ದಿನ ಕಾದಿದ್ರಾ ಮಿಸ್ ಲುವೆನಿಯಾ?”

“ಎರಡೂವರೆ ವರ್ಷ ಆ ಯಂತ್ರಕ್ಕೆ...” ಎಂದು ಅರ್ನೆಸ್ಟೀನ್ ಶುರುಮಾಡಿದಳು.

“ಏಳು ವರ್ಷ ಹತ್ತು ತಿಂಗಳು,” ಎಂದಳು ಲುವೆನಿಯಾ. “ನಾನು ಹಳದಿ ಲಂಗ ಹಾಕ್ಕೊಂಡು ಚರ್ಚಲ್ಲಿ ನಗ್ತಾ ನಿಂತಿದ್ನಲ್ಲ, ಅವತ್ತಿಂದ ಕಾಯ್ತಿದ್ದೆ ಕಣಮ್ಮ. ನಂಗೆ ಯಾರೂ ಹೇಳಿರ್ಲಿಲ್ಲ, ಅಷ್ಟೆ.”

ನರ್ಸಿಗೆ ಅದು ಅರ್ಥವಾಗಲಿಲ್ಲ. ಅವಳು ಚೀಲವನ್ನು ಬೆಳಕಿಗೆ ಹಿಡಿದು, ಎಷ್ಟಿದೆಯೆಂದು ನೋಡಿ, ಬರೆದುಕೊಂಡು ಹೋದಳು.